ಪುಟ್ಟ ಕೂಸಿಗೆ ತಾಯಿಯ ಮೈಶಾಖ

ಕೇಳುಗರಿಗೆ ನಮಸ್ಕಾರ.

ಹುಟ್ಟಿದಾಗ ಎರಡೂವರೆ ಕಿಲೋ ತೂಗದ ಮಗು ಅಂದರೆ ಕಡಿಮೆ ತೂಕದ ಮಗು. ಬೆಂಗಳೂರಿನಲ್ಲಿ ಮನೆಯವರು ಮೊದಲು ಕೇಳುವುದು, ‘ಪೆಟ್ಟಿಗೆಯಲ್ಲಿ ಇಡ್ತೀರಾ ಡಾಕ್ಟ್ರೇ?’ ಅಂತ. ಆದರೆ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿರುವ ಬಾಣಂತಿಯ ಹತ್ತಿರ ಇರುವುದು ಅವಳ ಮೈಶಾಖ. ಅದು ಸಣ್ಣದಲ್ಲ.

ಇಂಥ ಮಗುವಿಗೆ ಕೊಬ್ಬು ಕಡಿಮೆ, ಚರ್ಮ ತೆಳು. ಕುಡಿದ ಹಾಲೆಲ್ಲ ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ಮೇಲಿಂದ ಸೋಂಕು ಬೇರೆ.

1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್, ಅಂದರೆ ಮಗುವನ್ನು ಬೆಚ್ಚಗಿಡುವ ಆ ಪೆಟ್ಟಿಗೆ ಸಾಲದೆ, ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದ ಫಲ 2021ರಲ್ಲಿ ಬಂತು. ಒಂದರಿಂದ 1.8 ಕಿಲೋ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಲ್ಲಿ, ಸುಧಾರಿಸಿಕೊಳ್ಳಲಿ ಅಂತ ಕಾದಲ್ಲಿಗಿಂತ ಸಾವು ಕಾಲು ಭಾಗ ಕಡಿಮೆ! ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರದ ಜೊತೆ ಸೇರಿ ಇದನ್ನು ಬಳಕೆಗೆ ತಂದಿದ್ದಾರೆ.

ಮಾಡುವುದು ಹೀಗೆ. ಮಗುವಿಗೆ ಕುಲಾವಿ, ಕಾಲುಚೀಲ, ಲಂಗೋಟಿ ಇಷ್ಟೇ. ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಮಲಗಿಸಿ. ಮುಖ ಒಂದು ಪಕ್ಕಕ್ಕೆ, ಕತ್ತು ಮುದುರಬಾರದು, ಮೂಗು ಕಾಣುತ್ತಿರಬೇಕು. ಕಾಲು ಕಪ್ಪೆಯ ಹಾಗೆ ಮಡಚಿರಲಿ. ಮೆತ್ತನೆ ಹತ್ತಿ ಬಟ್ಟೆಯಿಂದ ಸುತ್ತಿ ಕಟ್ಟಿ. ಚೀಪಲು ಆಗದಿದ್ದರೆ ತಾಯಿಯ ಹಾಲನ್ನೇ ಹಿಂಡಿ, ಕುದಿಸಿದ ಒಳಲೆಯಲ್ಲಿ ನಿಧಾನವಾಗಿ ಕುಡಿಸಿ. ನರ್ಸ್ ತೋರಿಸಿಕೊಡುತ್ತಾರೆ.

ದಿನಕ್ಕೆ ಎಂಟು ಗಂಟೆಯಾದರೂ ಬೇಕು, ಜಾಸ್ತಿ ಆದಷ್ಟೂ ಒಳ್ಳೆಯದು. ಕಷ್ಟ ಇರುವುದು ಇಲ್ಲೇ ಅಲ್ವಾ? ಅಡುಗೆ, ಬಟ್ಟೆ, ನೀರು ಹಿಡಿಯುವುದು ಎಲ್ಲ ಅವಳೇ ಮಾಡಿದರೆ ಮಗುವನ್ನು ಕಟ್ಟಿಕೊಳ್ಳುವುದು ಯಾವಾಗ? ‘ಸುಮ್ನೆ ಕೂತಿದ್ದಾಳೆ’ ಅನ್ನಬೇಡಿ. ಅವಳು ಮಗುವಿನ ಜೀವ ಕಾಯುತ್ತಿದ್ದಾಳೆ. ಅವಳು ಊಟಕ್ಕೆ ಎದ್ದಾಗ ಅಪ್ಪ ಕಟ್ಟಿಕೊಳ್ಳಲಿ, ಅಜ್ಜಿ ಕಟ್ಟಿಕೊಳ್ಳಲಿ. ಹಾಗೇ ಅಜ್ಜಿಯರೇ, ಎಣ್ಣೆ ನೀರು, ಸಾಂಬ್ರಾಣಿ ಹೊಗೆ ಈಗಲೇ ಬೇಡ. ಜೇನುತುಪ್ಪ ಅಂತೂ ನೆಕ್ಕಿಸಲೇಬೇಡಿ.

ಎದೆಗೆ ಕಟ್ಟಿದರೂ ಪಾದ ತಣ್ಣಗಿದ್ದರೆ, ಹಾಲು ಬಿಟ್ಟರೆ, ಉಸಿರು ಜೋರಾದರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆ ಮುಟ್ಟುವವರೆಗೂ ಮಗು ಎದೆಯ ಮೇಲೇ ಇರಲಿ.