ಪೊದೆಗೆ ನುಗ್ಗುವ ಬೇಟೆನಾಯಿಯ ಮೈ ಮತ್ತು ಕಣ್ಣು

ಕೇಳುಗರಿಗೆ ನಮಸ್ಕಾರ.

ವಾಸನೆಯ ಜಾಡು ಹಿಡಿದ ಬೇಟೆನಾಯಿ ತಲೆ ತಗ್ಗಿಸಿ ಪೊದೆಗೆ ನುಗ್ಗಿದ ಮೇಲೆ ಮುಳ್ಳಾಗಲಿ ಒಣಗಿದ ಕಡ್ಡಿಯಾಗಲಿ ಅದನ್ನು ತಡೆಯುವುದಿಲ್ಲ. ಕಂಕುಳಲ್ಲಿ ಚರ್ಮ ಹರಿದಿದ್ದರೂ ಕಣ್ಣಿಗೆ ಕಡ್ಡಿ ತಾಗಿದ್ದರೂ, ಆ ಉತ್ಸಾಹದಲ್ಲಿ ನೋವನ್ನು ತೋರಿಸಿಕೊಳ್ಳದೆ ಓಡುತ್ತಲೇ ಇರುತ್ತದೆ. ಹೀಗಾಗಿ ಗಾಯವನ್ನು ಹುಡುಕಿ ನೋಡುವ ಹೊಣೆ ಪೂರ್ತಿಯಾಗಿ ಜೊತೆಗಿರುವ ಮನುಷ್ಯನದು. ಮೈಗೆ ಆಗುವ ಗೀರುಗಳನ್ನು ಉಡುಪಿನಿಂದ ಬಹುಮಟ್ಟಿಗೆ ತಡೆಯಬಹುದು. ಕಣ್ಣನ್ನು ಹಾಗೆ ಮುಚ್ಚಿಡಲು ಬರುವುದಿಲ್ಲವಾದ್ದರಿಂದ, ಅಲ್ಲಿ ನಮ್ಮ ಕೈಯಲ್ಲಿರುವ ಮುಖ್ಯ ರಕ್ಷಣೆ ಎಂದರೆ ಬೇಗ ನೋಡುವುದು ಮತ್ತು ಬೇಗ ವೈದ್ಯರಲ್ಲಿಗೆ ಹೋಗುವುದು.

ಮೊದಲು ಮೈಯ ವಿಷಯ. ಎದೆಯ ಕೆಳಭಾಗ, ಕಂಕುಳು, ಹೊಟ್ಟೆ, ತೊಡೆಯ ಒಳಬದಿ, ಇಲ್ಲೆಲ್ಲ ಕೂದಲು ತೆಳುವಾಗಿದ್ದು ಚರ್ಮ ಮೆತ್ತಗಿರುತ್ತದೆ. ಗೀರುಗಳು ಹೆಚ್ಚಾಗಿ ಬೀಳುವುದೂ ಅಲ್ಲಿಯೇ. ಗಟ್ಟಿ ನೈಲಾನ್ ಬಟ್ಟೆಯ ಎದೆಗವಚ ಈ ಭಾಗಗಳನ್ನು ಚೆನ್ನಾಗಿ ಕಾಯುತ್ತದೆ, ಆದರೆ ಅಳತೆ ಸರಿಯಿದ್ದರೆ ಮಾತ್ರ. ಸಡಿಲವಾದ ಕವಚ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಬಿಗಿಯಾದದ್ದು ಕಂಕುಳನ್ನು ತಾನೇ ಉಜ್ಜಿ ಹುಣ್ಣು ಮಾಡುತ್ತದೆ. ನಿಯೋಪ್ರೀನ್ ಎಂಬ ರಬ್ಬರಿನಂಥ ದಪ್ಪ ವಸ್ತುವಿನ ಕವಚ ತಣ್ಣನೆಯ ನೀರಿನಲ್ಲಿ ಕೆಲಸ ಮಾಡುವ ನಾಯಿಗೆ ಹಿತವಾದರೂ ಬಿಸಿಲಿನಲ್ಲಿ ಅಪಾಯಕಾರಿ. ನಾಯಿ ತನ್ನ ಶಾಖವನ್ನು ಮುಖ್ಯವಾಗಿ ಏದುಸಿರಿನಿಂದಲೇ ಹೊರಹಾಕುವುದರಿಂದ, ಮೈಗೆ ದಪ್ಪ ಹೊದಿಕೆ ಬಿದ್ದಾಗ ಅದು ಬೇಗ ಬಳಲುತ್ತದೆ. ಬೇಸಿಗೆಯ ದಿನ ಕವಚವೋ ಗೀರೋ ಎಂಬ ಪ್ರಶ್ನೆ ಬಂದರೆ ನಾನು ಗೀರನ್ನೇ ಆರಿಸಿಕೊಳ್ಳುತ್ತೇನೆ.

ಕಿವಿಯ ಅಂಚು ಮತ್ತು ಬಾಲದ ತುದಿಯ ಗಾಯಗಳು ಚಿಕ್ಕವಾದರೂ ರಕ್ತ ಬಹಳ ಹೋಗುತ್ತದೆ. ನಾಯಿ ತಲೆ ಒದರಿದಾಗಲೆಲ್ಲ, ಬಾಲ ಬೀಸಿದಾಗಲೆಲ್ಲ ಅವು ಮತ್ತೆ ತೆರೆದುಕೊಳ್ಳುತ್ತವೆ. ಶುಭ್ರವಾದ ಬಟ್ಟೆಯಿಂದ 5 ನಿಮಿಷ, ನಡುವೆ ತೆಗೆದು ನೋಡದೆ, ಒತ್ತಿ ಹಿಡಿಯಬೇಕು. ಸಾಮಾನ್ಯ ಗೀರುಗಳನ್ನು ತೊಳೆಯಲು ಉಪ್ಪುನೀರು ಸಾಕು: ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅದು ಮಾಯುತ್ತಿರುವ ಜೀವಕೋಶಗಳನ್ನೂ ಕೊಲ್ಲುತ್ತದೆ. ಉದ್ದನೆಯ ಗೀರಿಗಿಂತ ಸೂಜಿಮೊನೆಯಷ್ಟು ಕಾಣುವ ಚುಚ್ಚುಗಾಯಕ್ಕೆ ಹೆಚ್ಚು ಹೆದರಬೇಕು, ಏಕೆಂದರೆ ಮೇಲೆ ಚರ್ಮ ಮುಚ್ಚಿಕೊಂಡ ಮೇಲೂ ಒಳಗೆ ಮುರಿದುಳಿದ ಮುಳ್ಳು ಕೆಲವು ದಿನಗಳಲ್ಲಿ ಕೀವು ತುಂಬಿಸುತ್ತದೆ. ಹುಲ್ಲಿನ ಮುಳ್ಳುತೆನೆಗಳ ಸ್ವಭಾವ ಇನ್ನೂ ಕೆಟ್ಟದ್ದು. ಅವುಗಳ ಮೇಲಿನ ಸಣ್ಣ ಕೊಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿರುವುದರಿಂದ ಒಮ್ಮೆ ಸೇರಿದ ತೆನೆ ಹಿಂದಕ್ಕೆ ಬಾರದೆ ಒಳಕ್ಕೇ ಸರಿಯುತ್ತದೆ. ಬೆರಳುಗಳ ಸಂದು, ಕಿವಿಯ ಒಳಗು, ಮೂಗು, ಕಣ್ಣಿನ ಒಳಮೂಲೆ, ಇವೆಲ್ಲ ಅದು ಸೇರಿಕೊಳ್ಳುವ ಜಾಗಗಳು.

ಈಗ ಕಣ್ಣು. ಕಣ್ಣುಗುಡ್ಡೆಯ ಮುಂಭಾಗದಲ್ಲಿರುವ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ನಾಯಿಯಲ್ಲಿ ಸುಮಾರು 0.6 ಮಿಲಿಮೀಟರ್ ಮಾತ್ರ ದಪ್ಪವಿರುತ್ತದೆ. ಅದರಲ್ಲಿ ರಕ್ತನಾಳಗಳಿಲ್ಲ, ನರಗಳ ತುದಿಗಳು ಮಾತ್ರ ದಟ್ಟವಾಗಿವೆ. ಆದ್ದರಿಂದ ಸಣ್ಣ ತರಚಿಗೂ ನೋವು ಬಹಳ. ಪ್ರಕೃತಿಯೂ ಕೆಲವು ರಕ್ಷಣೆಗಳನ್ನು ಕೊಟ್ಟಿದೆ. ಒಳಮೂಲೆಯಿಂದ ಸರಿದು ಬರುವ ಮೂರನೆಯ ರೆಪ್ಪೆ ಅವುಗಳಲ್ಲೊಂದು. ಹುಬ್ಬಿನ ಜಾಗದಲ್ಲಿರುವ ಉದ್ದನೆಯ ಗಡುಸು ಕೂದಲುಗಳು ಇನ್ನೊಂದು. ಅವಕ್ಕೆ ಕಡ್ಡಿ ತಾಗಿದೊಡನೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂದಕ್ಕಾಗಿ ಅವನ್ನು ಕತ್ತರಿಸುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ. ಕೆಳರೆಪ್ಪೆ ಜೋತು ಬಿದ್ದಿರುವ ಸ್ಪ್ಯಾನಿಯಲ್ ಮತ್ತು ಹೌಂಡ್ ಜಾತಿಯ ನಾಯಿಗಳಲ್ಲಿ ಆ ಸಡಿಲ ಚೀಲದಲ್ಲಿ ಬೀಜ, ಧೂಳು ಸೇರುವುದು ಹೆಚ್ಚು, ಅವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು.

ನಾಯಿಗಳಿಗೆಂದೇ ಮಾಡಿದ ಕನ್ನಡಕಗಳಿವೆ. ಒಮ್ಮೆ ಕಣ್ಣಿಗೆ ಪೆಟ್ಟಾದ ಅಥವಾ ಒಂದೇ ಕಣ್ಣುಳಿದ ನಾಯಿಗೆ, ಮನೆಯಲ್ಲಿ ಕೆಲವೇ ನಿಮಿಷಗಳಿಂದ ಆರಂಭಿಸಿ ವಾರಗಟ್ಟಲೆ ರೂಢಿ ಮಾಡಿಸುವ ತಾಳ್ಮೆಯಿದ್ದರೆ, ಅವು ಖಂಡಿತ ಪ್ರಯೋಜನಕಾರಿ. ಆದರೆ ದಟ್ಟ ಪೊದೆಯಲ್ಲಿ ಅವುಗಳಿಗೆ ಆವಿ ಕಟ್ಟುತ್ತದೆ, ಪಟ್ಟಿ ಸಿಕ್ಕಿಕೊಳ್ಳುತ್ತದೆ, ಹಲವು ನಾಯಿಗಳು ಒಪ್ಪುವುದೇ ಇಲ್ಲ. ಮಬ್ಬುಗತ್ತಲಾದ ಮೇಲೆ ಒಣಕಡ್ಡಿಯ ಪೊದೆಗೆ ನಾಯಿಯನ್ನು ಬಿಡದಿರುವುದು ಅದಕ್ಕಿಂತ ಸುಲಭವಾದ ಉಪಾಯ.

ಓಡಾಟ ಮುಗಿದ ಕೂಡಲೇ ಒಳ್ಳೆಯ ಬೆಳಕಿನಲ್ಲಿ ಎರಡೂ ಕಣ್ಣುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ. ಒಂದು ಕಣ್ಣು ಅರ್ಧ ಮುಚ್ಚಿದೆಯೇ, ನೀರು ಸುರಿಯುತ್ತಿದೆಯೇ, ನಾಯಿ ಬೆಳಕಿನಿಂದ ತಲೆ ತಿರುಗಿಸಿಕೊಳ್ಳುತ್ತಿದೆಯೇ, ಪಾಪೆಗಳು ಸಮವಾಗಿವೆಯೇ? ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಳಗೆ ಕಸವಿದ್ದರೆ, ಆಗತಾನೇ ಮುಚ್ಚಳ ತೆರೆದ ಹೊಸ ಬಾಟಲಿಯ ಶುದ್ಧ ಸಲೈನ್ ಅನ್ನು ಧಾರೆಯಾಗಿ ಬಿಟ್ಟು ತೊಳೆಯಿರಿ. ಹತ್ತಿಯಿಂದ ಕಣ್ಣುಗುಡ್ಡೆಯನ್ನು ಒರೆಸಬೇಡಿ. ತೊಳೆದ ಮೇಲೂ ಕಣ್ಣು ಕಿರಿದಾಗಿಸುತ್ತಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ, ಏಕೆಂದರೆ ಮೂರನೆಯ ರೆಪ್ಪೆಯ ಹಿಂದೆ ಅಡಗಿದ ತೆನೆ ಪ್ರತಿ ಮಿಟುಕಿಗೂ ಕಾರ್ನಿಯಾವನ್ನು ಕೆರೆಯುತ್ತಲೇ ಇರುತ್ತದೆ.

ಕಣ್ಣುಗುಡ್ಡೆಗೆ ಮುಳ್ಳು ನೆಟ್ಟಿದ್ದರೆ, ಪಾಪೆಯ ಆಕಾರ ಕೆಟ್ಟಿದ್ದರೆ ಅಥವಾ ಕಣ್ಣಿನೊಳಗೆ ರಕ್ತ ಕಂಡರೆ ತೊಳೆಯುವುದೂ ಬೇಡ, ಒತ್ತುವುದೂ ಬೇಡ, ಮುಳ್ಳನ್ನು ಕೀಳುವುದಂತೂ ಬೇಡವೇ ಬೇಡ. ಅದನ್ನು ಕಿತ್ತರೆ ಒಳಗಿನ ದ್ರವ ಹೊರಚೆಲ್ಲಿ ಕಣ್ಣು ಕುಸಿಯಬಹುದು; ಮುಳ್ಳು ಕಣ್ಣಿನೊಳಗಿನ ಮಸೂರದ (ಲೆನ್ಸ್) ಹೊದಿಕೆಯನ್ನೇ ಭೇದಿಸಿದ್ದರೆ ತೀವ್ರ ಉರಿಯೂತ ಉಂಟಾಗಿ ದೃಷ್ಟಿಯೇ ಹೋಗಬಹುದು. ಕೊರಳಿಗೆ ಶಂಕುವಿನಾಕಾರದ ಪಟ್ಟಿ ಕಟ್ಟಿ, ಪಂಜದಿಂದ ಉಜ್ಜದಂತೆ ನೋಡಿಕೊಂಡು, ತಕ್ಷಣ ಹೊರಡಿ.

ಹಿಂದಿನ ಕಾಯಿಲೆಯಿಂದ ಉಳಿದ ಕಣ್ಣಿನ ಹನಿಗಳನ್ನು ಕೈಗೆ ಸಿಕ್ಕಿದವೆಂದು ಹಾಕುವ ಅಭ್ಯಾಸ ಅನೇಕರಲ್ಲಿದೆ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಕಾರ್ನಿಯಾದ ಹುಣ್ಣು ಮಾಯುವ ಬದಲು ಆಳವಾಗುತ್ತದೆ. ಹುಣ್ಣು ಇದೆಯೇ ಎಂದು ತಿಳಿಯಲು ವೈದ್ಯರು ಫ್ಲೋರೆಸೀನ್ ಎಂಬ ಬಣ್ಣ ಹಾಕುತ್ತಾರೆ. ಮೇಲ್ಪದರ ಕಿತ್ತ ಜಾಗ ಹಸಿರಾಗಿ ಹೊಳೆಯುತ್ತದೆ. ಮೇಲ್ಮೈಯ ತರಚು ಸೋಂಕಿಲ್ಲದಿದ್ದರೆ ಸಾಮಾನ್ಯವಾಗಿ ಒಂದು ವಾರದೊಳಗೆ ಮಾಯುತ್ತದೆ. ಆದರೆ ನಾಯಿ ಕಣ್ಣು ಪೂರ್ತಿ ತೆರೆಯಿತೆಂಬ ಒಂದೇ ಕಾರಣಕ್ಕೆ ಅದನ್ನು ಮತ್ತೆ ಪೊದೆಗೆ ಬಿಡಬೇಡಿ. ಅದೇ ಬಣ್ಣವನ್ನು ಇನ್ನೊಮ್ಮೆ ಹಾಕಿಸಿ, ಹಸಿರು ಎಲ್ಲಿಯೂ ಉಳಿದಿಲ್ಲವೆಂದು ವೈದ್ಯರು ಹೇಳುವವರೆಗೆ ನಾಯಿಯನ್ನು ಕೊರಳಿನ ಹಗ್ಗ ಹಿಡಿದೇ ನಡೆಸಿ.