‘ಬಾಯಿ ಹಾಕುತ್ತಿಲ್ಲ, ಸಾಹೇಬರೇ’

ಹಾಲು ಉತ್ಪಾದಕರ ಸಂಘದ ಅಧ್ಯಕ್ಷರೇ, ಬೆಳಗಿನ ಹಾಲು ಹಾಕಿ ಮನೆಗೆ ಹೋಗದೆ ಇಲ್ಲೇ ಕುಳಿತಿರುವ ಅವ್ವಂದಿರೇ, ಅಣ್ಣಂದಿರೇ,

ಪಶು ಆಸ್ಪತ್ರೆಯ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಕಳೆದೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಹಳ್ಳಿಗಳಲ್ಲಿ ಅತಿ ಹೆಚ್ಚು ಕೇಳಿದ ಮಾತೆಂದರೆ ‘ಕರು ಬಾಯಿ ಹಾಕುತ್ತಿಲ್ಲ ಸಾಹೇಬರೇ, ಹಸಿವಿನ ಔಷಧ ಕೊಡಿ’ ಎಂಬುದು. ಕೇಳಿದವರಿಗೆ ಒಂದು ಬಾಟಲಿ ಕೊಟ್ಟು ಕಳುಹಿಸಿದ್ದೂ ಉಂಟು. ಇಂದು ಆ ಬಾಟಲಿಯ ವಿರುದ್ಧವೇ ಮಾತನಾಡಲು ಬಂದಿದ್ದೇನೆ. ಹೊರಗೆ ಬೇವಿನ ಮರಕ್ಕೆ ಒಂದು ಎಮ್ಮೆಗರು ಕಟ್ಟಿದೆ, ನೀವೆಲ್ಲ ನೋಡಿದ್ದೀರಿ. ಬೆನ್ನುಮೂಳೆ ಎಣಿಸಬಹುದು, ಹೊಟ್ಟೆ ಮಾತ್ರ ಗಡಿಗೆಯಂತಿದೆ. ತಂದ ಅವ್ವನವರು ಕೇಳಿದ್ದೂ ಬಾಟಲಿಯನ್ನೇ.

ಕರು ಮೇವು ಬಿಟ್ಟಿತೆಂದರೆ ಒಳಗೆ ಏನೋ ಕೆಟ್ಟಿದೆ. ಅದು ಏನೆಂದು ತಿಳಿಯದೆ ನಾಲಿಗೆಗೆ ರುಚಿ ಹಚ್ಚಿ ಫಲವಿಲ್ಲ. ನಮ್ಮಲ್ಲಿ ಕೆಲವರು ಕರುವಿನ ಬಾಯಿ ತೆರೆದು, ಕೆನ್ನೆಯ ಒಳಗಿರುವ ಮುಳ್ಳಿನಂಥ ಚಿಗುರುಗಳನ್ನು ನೋಡಿ ‘ಮುಳ್ಳು ಎದ್ದಿದೆ’ ಎಂದು ರಕ್ತ ಬರುವ ತನಕ ತಿಕ್ಕುತ್ತಾರೆ. ಆ ಮುಳ್ಳು ಆರೋಗ್ಯವಂತ ಕರುವಿಗೂ ಇರುತ್ತದೆ, ಮೇವನ್ನು ಬಾಯಿಯೊಳಗೆ ಹಿಡಿದಿಡುವುದಕ್ಕೆಂದೇ ಇರುತ್ತದೆ. ಉಪ್ಪು ಸವರಿ, ಬೇಡ ಎನ್ನುವುದಿಲ್ಲ. ಕೆರೆಯಬೇಡಿ.

ಮೊದಲು ಬಾಯಿಗೆ ಬೆರಳಿಡಿ. ಬಾಯಿ ಬೆಚ್ಚಗಿದ್ದು ಬೆರಳನ್ನು ಬಿಗಿಯಾಗಿ ಚೀಪಿದರೆ ಅರ್ಧ ಚಿಂತೆ ಕಳೆಯಿತು. ತಣ್ಣಗಿದ್ದು ಚೀಪದೇ ಹೋದರೆ ತಡಮಾಡದೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ವಾಹನ ಕೇಳಿ. ಆ ಕರುವಿಗೆ ರಕ್ತನಾಳದ ಮೂಲಕವೇ ನೀರು ಹೋಗಬೇಕು. ಆಮೇಲೆ ಕುತ್ತಿಗೆಯ ಚರ್ಮವನ್ನು ಚಿವುಟಿ ಬಿಡಿ. ತಕ್ಷಣ ಹಿಂದಕ್ಕೆ ಸರಿಯದೆ ಮಡಿಕೆಯಾಗಿಯೇ ನಿಂತರೆ ಮೈಯ ನೀರು ಬತ್ತಿದೆ ಎಂದರ್ಥ. ಕಣ್ಣೂ ಒಳಗೆ ಇಳಿದಿರುತ್ತದೆ. ಹೊಕ್ಕುಳ ಊದಿದೆಯೇ, ಕಿವಿಯ ಸಂದಿಯಲ್ಲಿ ಉಣ್ಣೆ ಕಚ್ಚಿವೆಯೇ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದೆಯೇ ನೋಡಿ. ಮಿಶ್ರತಳಿಯ ಕರುವಿಗೆ ಉಣ್ಣೆಯ ಜೊತೆ ಜ್ವರವೂ ಕುತ್ತಿಗೆ, ಭುಜದ ಗಂಟುಗಳ ಬಾವೂ ಕಂಡರೆ ಅದು ಉಣ್ಣೆಯಿಂದ ಹರಡುವ ಥೈಲೇರಿಯಾ ರೋಗ ಇರಬಹುದು, ಮನೆಮದ್ದಿನ ಮಾತಲ್ಲ.

ಎಮ್ಮೆಗರುವಾದರೆ ಸೆಗಣಿ ನೋಡದೆ ನಾನು ಮುಂದಿನ ಮಾತನ್ನೇ ಆಡುವುದಿಲ್ಲ. ಜೇಡಿಮಣ್ಣಿನ ಬಣ್ಣ, ಕೆಟ್ಟ ವಾಸನೆ, ಗಡಿಗೆ ಹೊಟ್ಟೆ ಇದ್ದರೆ ದುಂಡುಹುಳದ ಮೇಲೇ ಸಂಶಯ ಹೋಗಬೇಕು. ‘ಇನ್ನೂ ಹುಲ್ಲೇ ಮುಟ್ಟಿಲ್ಲ, ಹುಳ ಎಲ್ಲಿಂದ ಬಂತು?’ ಎಂದು ಕೇಳುತ್ತಾರೆ. ತಾಯಿಯಿಂದಲೇ ಬಂತು. ಈ ಹುಳದ ಮರಿಗಳು ಎಮ್ಮೆಯ ಮೈಯಲ್ಲಿ ಸದ್ದಿಲ್ಲದೆ ಅಡಗಿದ್ದು, ಈಯುವ ಕಾಲಕ್ಕೆ ಕೆಚ್ಚಲಿಗೆ ಇಳಿದು, ಹಾಲಿನೊಡನೆ ಕರುವಿನ ಹೊಟ್ಟೆ ಸೇರುತ್ತವೆ. ಮೂರು ನಾಲ್ಕು ವಾರಗಳಲ್ಲಿ ಗೇಣುದ್ದ ಬೆಳೆದು ಕರುಳನ್ನು ತುಂಬುತ್ತವೆ. ಅದಕ್ಕೇ ಎಮ್ಮೆಗರುವಿಗೆ ಹುಟ್ಟಿದ ಹತ್ತರಿಂದ ಹದಿನೈದು ದಿನಗಳ ಒಳಗೆ ಜಂತುನಾಶಕ ಕೊಡಿಸಬೇಕು. ಔಷಧವನ್ನು ತೂಕಕ್ಕೆ ತಕ್ಕಂತೆ ವೈದ್ಯರು ಅಳೆಯಲಿ. ಸೊರಗಿದ ಕರುವಿಗೆ ಅಂದಾಜಿನ ಮೇಲೆ ಸುರಿದರೆ ಹುಳಕ್ಕಿಂತ ಮೊದಲು ಕರುವೇ ಹೋದೀತು. ತೂಕಕ್ಕೆ ತಕ್ಕಡಿ ಬೇಕಿಲ್ಲ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಬಾಲದ ಬುಡದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ಲೆಕ್ಕ ಸಿಗುತ್ತದೆ. ಸುತ್ತಳತೆ 30, ಉದ್ದ 27 ಇದ್ದರೆ ಸುಮಾರು 37 ಕಿಲೋ. ವಾರಕ್ಕೊಮ್ಮೆ ಅಳೆದು ಗೋಡೆಯ ಮೇಲೆ ಬರೆಯಿರಿ. ಕಣ್ಣಂದಾಜು ಮೋಸ ಮಾಡುತ್ತದೆ, ನನಗೂ ಮಾಡಿದೆ.

ಇನ್ನು ಗೊಟ್ಟದ ವಿಷಯ. ಇದನ್ನು ಹೇಳಲು ನನಗೆ ಸಂಕೋಚವಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮೇವು ಬಿಟ್ಟ ಒಂದು ಕರುವಿನ ತಲೆಯನ್ನು ಮೇಲೆತ್ತಿ, ನಾಲಿಗೆ ಹಿಡಿದೆಳೆದು, ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಬೆಲ್ಲದ ನೀರು ಸುರಿದೆ. ಅದು ಕೆಮ್ಮಿತು. ‘ಘಾಟಿಗೆ ಕೆಮ್ಮುತ್ತದೆ’ ಎಂದು ನಾನೇ ಸಮಾಧಾನ ಹೇಳಿದೆ. ಎಣ್ಣೆ ಶ್ವಾಸಕೋಶಕ್ಕೆ ಇಳಿದಿತ್ತು. ಮೂರನೆಯ ದಿನ ಕರು ಸತ್ತಿತು. ಆ ಮನೆಯವರು ಇಂದಿಗೂ ನನ್ನನ್ನು ದೂರುವುದಿಲ್ಲ, ಹಣೆಬರಹ ಎನ್ನುತ್ತಾರೆ. ಅದು ಹಣೆಬರಹವಾಗಿರಲಿಲ್ಲ.

ಗೊಟ್ಟ ಬೇಡವೆನ್ನಲು ಇನ್ನೊಂದು ಕಾರಣವಿದೆ. ಎಳೆಗರುವಿಗೆ ಹೊಟ್ಟೆ ನಾಲ್ಕಿದ್ದರೂ ಹಾಲು ಅರಗುವುದು ನಾಲ್ಕನೆಯದರಲ್ಲಿ. ಕರು ಚೀಪುವಾಗ ಅನ್ನನಾಳದ ಕೆಳತುದಿಯ ಮಡಿಕೆಯೊಂದು ಕೊಳವೆಯಂತೆ ಮುಚ್ಚಿಕೊಂಡು ಹಾಲನ್ನು ನೇರವಾಗಿ ಅಲ್ಲಿಗೆ ಸಾಗಿಸುತ್ತದೆ. ಬಲವಂತವಾಗಿ ಸುರಿದರೆ ಮಡಿಕೆ ಮುಚ್ಚದೆ ಹಾಲು ದೊಡ್ಡ ಹೊಟ್ಟೆಗೆ ಬಿದ್ದು ಹುಳಿಯುತ್ತದೆ, ಇದ್ದಬದ್ದ ಹಸಿವೂ ಹೋಗುತ್ತದೆ. ಮೊಲೆಯಿರುವ ಬಾಟಲಿ ಹಿಡಿಯಿರಿ, ಇಲ್ಲವೇ ಬೆರಳು ಚೀಪಿಸುತ್ತ ಪಾತ್ರೆಯಿಂದ ಕುಡಿಸಿ. ತಲೆ ಬೆನ್ನಿನ ಮಟ್ಟಕ್ಕಿಂತ ತುಸುವೇ ಮೇಲಿರಲಿ.

ಭೇದಿಯಾದ ಕರುವಿಗೆ ನಾವು ಮಾಡುವ ದೊಡ್ಡ ಅನ್ಯಾಯವೆಂದರೆ ಹಾಲು ನಿಲ್ಲಿಸುವುದು. ನಿಲ್ಲಿಸಬೇಡಿ. ಒಮ್ಮೆಗೇ ಕೊಡುವುದನ್ನು ನಾಲ್ಕು ಸಲ ಹಂಚಿ. ನಡುನಡುವೆ, ಹಾಲಿನೊಡನೆ ಬೆರೆಸದೆ, ಎರಡು ಗಂಟೆ ಬಿಟ್ಟು, ಮನುಷ್ಯರ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಕುಡಿಸಿ. ದಿನಕ್ಕೆ ಎರಡರಿಂದ ನಾಲ್ಕು ಲೀಟರ್ ಬೇಕಾದೀತು. ಸೆಗಣಿಯಲ್ಲಿ ರಕ್ತವಿದ್ದರೆ ಮಾತ್ರ ಇದನ್ನು ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ.

ಈಗ ನಿಮಗೆ ಹಿಡಿಸದ ಮಾತು. ನಾನು ನೋಡಿದ ಸೊರಗಿದ ಕರುಗಳಲ್ಲಿ ಬಹಳಷ್ಟಕ್ಕೆ ಇದ್ದ ರೋಗದ ಹೆಸರು ಡೇರಿ ಕ್ಯಾನು. ಕರುವಿಗೆ ದಿನಕ್ಕೆ ತನ್ನ ತೂಕದ ಹತ್ತನೆಯ ಒಂದು ಪಾಲು ಹಾಲು ಬೇಕು. ಮೂವತ್ತು ಕಿಲೋ ಕರುವಿಗೆ ಮೂರು ಲೀಟರ್. ನಾವು ಸೊರ ಬಿಡಿಸಲು, ಅಂದರೆ ಕೆಚ್ಚಲಿಗೆ ಹಾಲು ಇಳಿಸಲು, ಎರಡು ಗುಟುಕು ಚೀಪಿಸಿ ಗೂಟಕ್ಕೆ ಎಳೆದು ಕಟ್ಟುತ್ತೇವೆ. ಕೋಣಗರುವಾದರೆ ಅದೂ ಇಲ್ಲ. ಹುಟ್ಟಿದ ಮೊದಲ ಎರಡು ತಾಸಿನಲ್ಲಿ ಸಿಗಬೇಕಾದ ಗಿಣ್ಣದ ಹಾಲನ್ನು, ಮೊದಲು ತಾಯಿಯ ಮಾಸ ಬೀಳಲಿ ಎಂದು ತಡೆಯುತ್ತೇವೆ. ರೋಗ ತಡೆಯುವ ಶಕ್ತಿ ಆ ಹಾಲಿನಿಂದಲೇ ಬರಬೇಕು, ಒಂದು ದಿನ ಕಳೆದರೆ ಕರುಳಿನ ಬಾಗಿಲು ಅದಕ್ಕೆ ಮುಚ್ಚಿಬಿಡುತ್ತದೆ.

ಮೇವು ಕಲಿತ ಮೇಲೆ ತಿನ್ನುವುದನ್ನು ಬಿಟ್ಟ ದೊಡ್ಡ ಕರುವಿಗೆ ನಮ್ಮ ಹಿರಿಯರ ಒಂದು ಉಪಾಯ ನನಗೆ ಬಹಳ ಇಷ್ಟ: ಗಟ್ಟಿಮುಟ್ಟಾದ ಎತ್ತು ಮೆಲುಕು ಹಾಕುವಾಗ ಅದರ ಬಾಯಿಂದ ಮೆಲುಕಿನ ಉಂಡೆ ತೆಗೆದು ಕರುವಿಗೆ ತಿನ್ನಿಸುವುದು. ನಾಲ್ಕು ದಿನ ಉಪವಾಸವಿದ್ದರೆ, ಇಲ್ಲವೇ ಬಾಯಿಯ ಮೂಲಕ ಆಂಟಿಬಯೋಟಿಕ್ ಕೊಟ್ಟರೆ, ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಸಾಯುತ್ತವೆ. ಮೇವನ್ನು ಅರಗಿಸುವವೇ ಅವು. ಮೊಸರಿಗೆ ಹೆಪ್ಪು ಹಾಕಿದಂತೆ, ಆ ಉಂಡೆ ಹೊಟ್ಟೆಗೆ ಹೆಪ್ಪು ಹಾಕುತ್ತದೆ. ಎತ್ತು ನಿಮ್ಮ ಕೊಟ್ಟಿಗೆಯದೇ ಆಗಿರಲಿ, ರೋಗವಿಲ್ಲದ್ದಾಗಿರಲಿ.

ತಿನ್ನಲು ಮೊದಲು ಒಂದು ಹಿಡಿ ಮಾತ್ರ ಇಡಿ: ಜೋಳದ ನುಚ್ಚು, ಶೇಂಗಾ ಹಿಂಡಿ, ಚೂರು ಬೆಲ್ಲ, ಉಪ್ಪು, ಖನಿಜ ಮಿಶ್ರಣ. ಉಳಿದದ್ದನ್ನು ಸಂಜೆಗೆ ಎಸೆಯಿರಿ, ಹಳಸಿದ್ದನ್ನು ಕರು ಮೂಸಿಯೂ ನೋಡುವುದಿಲ್ಲ. ಹತ್ತಿಕಾಳು ಎಳೆಗರುವಿಗೆ ಬೇಡ, ಅದರ ಗಾಸಿಪಾಲ್ ಎಂಬ ವಿಷವನ್ನು ತಡೆಯುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಕಬ್ಬಿನ ಸೋಗೆಯೊಂದನ್ನೇ ಹಾಕುವವರು ಮುಧೋಳದ ಕಡೆ ಬಹಳ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಸಿಗಗೊಡುವುದಿಲ್ಲ. ಕುದುರೆ ಮೆಂತ್ಯೆ ಸೊಪ್ಪಿದ್ದರೆ ಬಾಡಿಸಿ ಸ್ವಲ್ಪ ಕೊಡಿ. ಹಾಲು ಕುಡಿಯುವ ಕರುವಿಗೂ ನೀರು ಬೇಕು, ನಮ್ಮ ಏಪ್ರಿಲ್ ಬಿಸಿಲಿನಲ್ಲಂತೂ ನೀರಿಲ್ಲದೆ ಅದು ಹಿಂಡಿಯನ್ನು ಮುಟ್ಟುವುದೇ ಇಲ್ಲ. ಒಂಟಿಯಾಗಿ ಕಟ್ಟಬೇಡಿ. ಪಕ್ಕದ ಕರು ತಿನ್ನುವುದನ್ನು ನೋಡಿ ಬಾಯಿ ಹಾಕಿದ ಕರುಗಳನ್ನು ನಾನು ಕಂಡಿದ್ದೇನೆ.

ಅಳತೆಯ ಟೇಪು, ಥರ್ಮಾಮೀಟರ್ ತಂದಿದ್ದೇನೆ. ಬೇವಿನ ಮರದ ಹತ್ತಿರ ಹೋಗೋಣ ಬನ್ನಿ. ಅವ್ವನವರೇ, ನೀವೇ ಮುಂದೆ ಬಂದು ಅದರ ಬಾಯಿಗೆ ಬೆರಳಿಡಿ.