ಹಿಟ್ಟು ಬೀಸದ ಗಿರಣಿಗಳ ಊರು

ಎಲ್ಲರಿಗೂ ನಮಸ್ಕಾರ.

ಹಾಲೆಂಡ್ ಅಂದರೆ ಸಾಕು, ಕಾಲುವೆ ಪಕ್ಕದಲ್ಲಿ ಸಾಲಾಗಿ ನಿಂತ ಗಾಳಿಗಿರಣಿಗಳು ಕಣ್ಣ ಮುಂದೆ ಬರುತ್ತವೆ, ಅಲ್ವಾ? ಕ್ಯಾಲೆಂಡರ್‌ಗಳಲ್ಲಿ ನೀವು ನೋಡಿರುವ ಆ ಚಿತ್ರ ಬಹಳ ಸಲ ಕಿಂಡರ್‌ಡೈಕ್ ಎಂಬ ಸಣ್ಣ ಊರಿನದು. ರಾಟರ್‌ಡ್ಯಾಮಿನಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್ ದೂರ. ಲೆಕ್ ಮತ್ತು ನೋರ್ಡ್ ನದಿಗಳು ಕೂಡುವ ಜಾಗ.

ಮೊದಲೇ ನನ್ನದೊಂದು ತಕರಾರು ಹೇಳಿಬಿಡುತ್ತೇನೆ. ಗಿರಣಿ ಅಂದರೆ ನಮಗೆ ಹಿಟ್ಟು ನೆನಪಾಗುತ್ತದೆ. ಇಲ್ಲಿನ 19 ಗಿರಣಿಗಳ ಕೆಲಸ ನೀರೆತ್ತುವುದು. ಹಾಗಾಗಿ ಇವನ್ನು ಗಾಳಿ ಏತ ಅಂದರೇ ಸರಿ. ಆದರೆ ನಮ್ಮ ಏತ ಹೊಲಕ್ಕೆ ನೀರು ತರುತ್ತಿತ್ತು, ಇವು ಹೊಲದಿಂದ ಆಚೆ ಹಾಕುತ್ತಿದ್ದವು.

ಯಾಕೆ ಹಾಕಬೇಕಿತ್ತು? ಅಲ್ಲಿಯ ನೆಲದಲ್ಲಿ ಪೀಟ್ ಜಾಸ್ತಿ. ಗಿಡಗಂಟಿ ಅರೆಕೊಳೆತು ಆದ, ಸ್ಪಂಜಿನಂಥ ಮಣ್ಣು ಅದು. ಬೇಸಾಯಕ್ಕೆಂದು ನೀರು ಬಸಿದರೆ ನೆಲ ಕುಗ್ಗಿ ಕೆಳಗಿಳಿಯುತ್ತದೆ. ಇಳಿದಷ್ಟೂ ಮತ್ತೆ ನೀರು ನಿಲ್ಲುತ್ತದೆ, ಮತ್ತೆ ಬಸಿಯಬೇಕು. ಒಬ್ಬ ರೈತನಿಂದ ಆಗುವ ಕೆಲಸ ಅಲ್ಲ. 1277ರಲ್ಲೇ ಹಾಲೆಂಡನ್ನು ಆಳುತ್ತಿದ್ದ ಕೌಂಟ್ ಐದನೇ ಫ್ಲೋರಿಸ್ ಇಲ್ಲಿಯ ಒಡ್ಡು, ಕಾಲುವೆ ನೋಡಿಕೊಳ್ಳಲು ಒಂದು ಮಂಡಳಿ ಮಾಡಿದ.

1421ರ ನವೆಂಬರಿನಲ್ಲಿ, ಸಂತ ಎಲಿಜಬೆತ್ ಪ್ರವಾಹದಲ್ಲಿ, ಪಕ್ಕದ ಸೀಮೆ ಮುಳುಗಿಹೋಯಿತು. ಆಗ ಒಂದು ತೊಟ್ಟಿಲು ತೇಲಿ ಬಂತಂತೆ. ಒಳಗೆ ಮಗು, ಮೇಲೆ ಬೆಕ್ಕು. ತೊಟ್ಟಿಲು ಎಡಕ್ಕೆ ವಾಲಿದರೆ ಬೆಕ್ಕು ಬಲಕ್ಕೆ ಜಿಗಿಯುತ್ತಿತ್ತಂತೆ, ಬಲಕ್ಕೆ ವಾಲಿದರೆ ಎಡಕ್ಕೆ. ಹಾಗೆ ದಡ ಸೇರಿತಂತೆ, ಅದರಿಂದಲೇ ಊರಿಗೆ ಈ ಹೆಸರು ಬಂತಂತೆ. ಕಿಂಡರ್‌ಡೈಕ್ ಅಂದರೆ ಮಕ್ಕಳ ಒಡ್ಡು. ಕಥೆಗೆ ದಾಖಲೆ ಕೇಳಬೇಡಿ, ಸುಮ್ನೆ ಬೆಕ್ಕನ್ನು ಮೆಚ್ಚಿಕೊಳ್ಳಿ.

ಈಗ ಕಾಣುವ ಗಿರಣಿಗಳಲ್ಲಿ ಹೆಚ್ಚಿನವು 1738 ಮತ್ತು 1740ರವು. ಒಂದು ಸಾಲಿನ ಎಂಟು ಇಟ್ಟಿಗೆಯವು, ದುಂಡಗಿವೆ. ಇನ್ನೊಂದು ಸಾಲಿನ ಎಂಟಕ್ಕೆ ಎಂಟು ಮೂಲೆ, ಮೈಗೆಲ್ಲ ಹುಲ್ಲಿನ ಹೊದಿಕೆ. ಹೊಲದ ನೀರು ಮೊದಲು ತಗ್ಗಿನ ಕಾಲುವೆಗೆ ಬರುತ್ತದೆ. ಗಿರಣಿಯ ಚಕ್ರ ಅದನ್ನು ಮೊಗೆದು ಮೇಲಿನ ಜಲಾಶಯಕ್ಕೆ ಏರಿಸುತ್ತದೆ. ನದಿ ಇಳಿದಾಗ ತೂಬು ತೆಗೆದರೆ ನೀರು ತಾನಾಗಿ ಹೊರಟುಹೋಗುತ್ತದೆ.

ಗಿರಣಿಯವನ ಪಾಡು ಕೇಳಿ. ರೆಕ್ಕೆ ಅಂದರೆ ಮರದ ಜಾಲರಿ. ಗಾಳಿ ಹಿಡಿಯಬೇಕಾದರೆ ಅದರ ಮೇಲೆ ಬಟ್ಟೆ ಹಾಸಬೇಕು. ಒಂದು ರೆಕ್ಕೆ ಕೆಳಗೆ ತಂದು ನಿಲ್ಲಿಸಿ, ಏಣಿಯಂತೆ ಹತ್ತಿ, ಬಟ್ಟೆ ಬಿಚ್ಚಿ ಕಟ್ಟಿ ಇಳಿಯಬೇಕು. ಹೀಗೆ ನಾಲ್ಕು ಸಲ, ಚಳಿಗಾಲದ ಮಳೆಯಲ್ಲೂ. ಹೆಂಡತಿ ಮಕ್ಕಳ ವಾಸವೂ ಅದರೊಳಗೇ. ದುಂಡು ಗಿರಣಿಗಳ ರೆಕ್ಕೆಗೂ ನೆಲಕ್ಕೂ ಒಂದಡಿಯಷ್ಟೇ ಅಂತರ. ಅದಕ್ಕೇ ಎದುರುಬದುರು ಎರಡು ಬಾಗಿಲು. ಗಾಳಿ ತಿರುಗಿ ರೆಕ್ಕೆ ಒಂದು ಬಾಗಿಲ ಮುಂದೆ ಬಂದರೆ ಮನೆಯವರು ಇನ್ನೊಂದರಲ್ಲಿ ಓಡಾಡಬೇಕು!

1868ರಲ್ಲಿ ಉಗಿ ಪಂಪು ಬಂತು, ಆಮೇಲೆ ಕರೆಂಟು. ಗಿರಣಿಗಳ ಕಥೆ ಮುಗಿಯಿತು ಅನ್ನುವಷ್ಟರಲ್ಲಿ ಎರಡನೇ ಮಹಾಯುದ್ಧ. ಇಂಧನ ಇಲ್ಲದೆ ಪಂಪು ನಿಂತವು, ಮುದಿ ಗಿರಣಿಗಳೇ ಮತ್ತೆ ನೀರೆತ್ತಿದವು. ಈಗ ದೊಡ್ಡ ಪಂಪುಗಳಿವೆ. ಆದರೂ ಗಿರಣಿಗಳನ್ನು ತಿರುಗುವ ಸ್ಥಿತಿಯಲ್ಲೇ ಇಟ್ಟಿದ್ದಾರೆ, ಹೆಚ್ಚಿನವುಗಳಲ್ಲಿ ಜನ ಇದ್ದಾರೆ. 1997ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರ ನೂಕುನುಗ್ಗಲು. ಬಟ್ಟೆ ಒಣಹಾಕಿದರೂ ಫೋಟೋ ತೆಗೆಯುವ ಜನರ ನಡುವೆ ಸಂಸಾರ ಮಾಡುವುದು ಸುಲಭ ಅಲ್ಲ ಬಿಡಿ.

ಕೊನೆಗೊಂದು ವಿಷಯ. ನಿಂತ ರೆಕ್ಕೆಗೂ ಅಲ್ಲಿ ಮಾತಿದೆ. ಮೇಲಿನ ರೆಕ್ಕೆ ತಾನು ತಿರುಗುವ ಸುತ್ತಿನ ಎಲ್ಲಕ್ಕಿಂತ ಎತ್ತರದ ತುದಿ ಮುಟ್ಟಲು ಚೂರು ಬಾಕಿ ಇರುವಂತೆ ನಿಲ್ಲಿಸಿದರೆ ಮನೆಯಲ್ಲಿ ಸಂತೋಷ: ಮದುವೆಯೋ ಮಗುವೋ. ತುದಿ ದಾಟಿಸಿ ನಿಲ್ಲಿಸಿದರೆ ಸಾವು. 2014ರ ಜುಲೈನಲ್ಲಿ ಯುಕ್ರೇನಿನ ಮೇಲೆ ಮಲೇಷ್ಯಾದ ವಿಮಾನ ಉರುಳಿ 298 ಜನ ಸತ್ತರು. ಹೆಚ್ಚಿನವರು ಡಚ್ಚರು. ಆಗ ದೇಶದ ಉದ್ದಗಲಕ್ಕೂ ಗಿರಣಿಗಳ ರೆಕ್ಕೆಗಳು ತುದಿ ದಾಟಿ ನಿಂತವು.

ಇನ್ನು ಮುಂದೆ ಕ್ಯಾಲೆಂಡರಿನಲ್ಲಿ ಆ ಚಿತ್ರ ಕಂಡರೆ, ಮೇಲಿನ ರೆಕ್ಕೆ ಎಲ್ಲಿ ನಿಂತಿದೆ ಅಂತ ಒಮ್ಮೆ ನೋಡಿ. ಪ್ರಶ್ನೆಗಳಿದ್ದರೆ ಕೇಳಿ.